ಎಂಟು ದಿನ ತಡವಾಗಿ ಬಂದ ಪ್ರಶ್ನೆ: ನರಕೊಳವೆ ಮುಚ್ಚುವ ಹೊತ್ತು ಮತ್ತು ಒಂದು ಫಿಟ್ಸ್ ಮಾತ್ರೆ

ಗರ್ಭದಲ್ಲಿ ಮಗುವಿನ ಮೆದುಳು, ಬೆನ್ನುಹುರಿ ನರಕೊಳವೆ ಎಂಬ ಪುಟ್ಟ ಕೊಳವೆಯಿಂದ ಹೇಗೆ ಮೂಡುತ್ತವೆ ಎಂಬುದನ್ನು ಓದಿಕೊಂಡವರು ಬಹಳ ಜನ. ಅದು ಯಾವ ದಿನ ನಡೆಯುತ್ತದೆ ಎಂಬುದನ್ನು ಮಾತ್ರೆ ಬರೆಯುವ ಹೊತ್ತಿನಲ್ಲಿ ನೆನಪಿಡುವವರು ಕಡಿಮೆ. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗಬಾರದೆಂದು ಕೆಲವು ವಿವರ ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಆ ಹೆಣ್ಣುಮಗಳನ್ನು ಇಲ್ಲಿ ತಾಯಿ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಹೈಸ್ಕೂಲು ಮುಗಿಸುವ ವಯಸ್ಸಿನಲ್ಲಿ ಇವರಿಗೆ ಬೆಳಗ್ಗೆ ಎದ್ದ ತಕ್ಷಣ ಕೈ ಝಗ್ಗನೆ ಎಳೆದಂತಾಗುತ್ತಿತ್ತು. ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಹಾರಿ ಬೀಳುತ್ತಿತ್ತು. ನಿದ್ದೆಗಣ್ಣು ಎಂದು ಮನೆಯವರು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೊಂದು ದಿನ ಮೈಯೆಲ್ಲ ಸೆಟೆದು ಪೂರ್ತಿ ಫಿಟ್ಸ್ ಬಂತು. ಪರೀಕ್ಷೆ ಮಾಡಿದಾಗ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂದು ಗೊತ್ತಾಯಿತು. ಈ ಬಗೆಯ ಫಿಟ್ಸ್‌ಗೆ ವ್ಯಾಲ್ಪ್ರೋಯೇಟ್ ಎಂಬ ಮಾತ್ರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಇವರಿಗೂ ಮಾಡಿತು. ಬೆಳಗ್ಗೆ 500, ರಾತ್ರಿ 500 ಮಿಲಿಗ್ರಾಂ. ಒಂಬತ್ತು ವರ್ಷ ಒಂದೂ ಫಿಟ್ಸ್ ಇಲ್ಲ.

ಆ ಒಂಬತ್ತು ವರ್ಷದಲ್ಲಿ ಅದೇ ಚೀಟಿ ಮತ್ತೆ ಮತ್ತೆ ಬರೆಸಿಕೊಂಡರು. ಗರ್ಭದ ಮಾತು ಬಂದದ್ದು ಒಂದೇ ಸಲ. ಆಗ ಅವರಿಗೆ ಸಿಕ್ಕಿದ ಉತ್ತರ: "ಮಗು ಬೇಕು ಅನ್ನಿಸಿದಾಗ ಬಂದು ಹೇಳಿ, ಆಗ ನೋಡೋಣ." ಕೇಳೋಕೆ ಸರಿಯಾಗಿಯೇ ಇದೆ ಅಲ್ವಾ? ನನ್ನ ಪ್ರಕಾರ ಈ ಪ್ರಕರಣದ ಮೊದಲ ತಪ್ಪು ಆ ಮಾತಿನಲ್ಲೇ ಇದೆ. ಗರ್ಭ ನಿಲ್ಲುವ ಮೊದಲು ನಿರ್ಧಾರ ಮಾಡಿ, ಹೇಳಿ, ಕಾದು ನಿಲ್ಲಿಸಿಕೊಳ್ಳುವವರು ಎಷ್ಟು ಜನ?

ಮುಟ್ಟು ಹತ್ತು ದಿನ ತಡವಾದಾಗ ತಾಯಿ ಮನೆಯಲ್ಲೇ ಪರೀಕ್ಷೆ ಮಾಡಿಕೊಂಡರು. ಎರಡು ಗೆರೆ ಬಂತು. ಖುಷಿಯಾಯಿತು. ಅದೇ ಸಂಜೆ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಮಾತ್ರೆ ಡಬ್ಬಿಯೊಳಗಿನ ಮಡಚಿದ ಕಾಗದ ಬಿಡಿಸಿ ಓದಿದರು. ಓದಿದವರೇ ಮಾತ್ರೆ ನಿಲ್ಲಿಸಿಬಿಟ್ಟರು. ಯಾರನ್ನೂ ಕೇಳಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದರು. ತುಟಿ ಒಡೆಯಿತು. ಹೆದರಿ ಮಾತ್ರೆ ಮತ್ತೆ ಶುರು ಮಾಡಿದರು. ನಮ್ಮ ಹತ್ತಿರ ಬಂದಾಗ ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಏಳು ವಾರ ಒಂದು ದಿನ.

ಅವರು ಕೂತ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಈಗ ಮಾತ್ರೆ ಬಿಟ್ರೆ ಮಗು ಸರಿ ಇರುತ್ತಾ?"

ಕಾಗದದ ಮೇಲೆ ಒಂದು ಗೆರೆ

ಇದಕ್ಕೆ ಹೌದು, ಇಲ್ಲ ಎಂದು ಉತ್ತರ ಕೊಡಲಾಗುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಉದ್ದಕ್ಕೆ ಗೆರೆ ಎಳೆದೆ. ಆ ದಿನ ಅವರಿಗೆ ವಿವರಿಸಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮುಂದಿನ ಎಲ್ಲ ನಿರ್ಧಾರಗಳೂ ಈ ಗೆರೆಯ ಮೇಲೆಯೇ ನಿಂತಿದ್ದವು.

ಮೊದಲಿಗೆ ಲೆಕ್ಕದ ಗೊಂದಲ. ನಾವು ಗರ್ಭದ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಭ್ರೂಣ ಹುಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ, ಅಂಡ ಮತ್ತು ವೀರ್ಯಾಣು ಸೇರಿದಾಗ. ಹಾಗಾಗಿ ನಮ್ಮ ಲೆಕ್ಕದ ಏಳು ವಾರ ಅಂದರೆ ಭ್ರೂಣಕ್ಕೆ ಐದು ವಾರ. ಈ ಎರಡು ವಾರದ ವ್ಯತ್ಯಾಸ ಮರೆತರೆ ಮುಂದಿನದೆಲ್ಲ ತಪ್ಪಾಗುತ್ತದೆ.

ಭ್ರೂಣಕ್ಕೆ ಎರಡೂವರೆ ವಾರ ಆದಾಗ ಅದೊಂದು ಚಪ್ಪಟೆ ತಟ್ಟೆ. ಮೂರು ಪದರ. ನಡುವೆ ಉದ್ದಕ್ಕೆ ನೋಟೋಕಾರ್ಡ್ ಎಂಬ ಸಣ್ಣ ಸರಳು ಮೂಡುತ್ತದೆ. ಅದರ ಮೇಲಿರುವ ಪದರಕ್ಕೆ ಅದರಿಂದಲೂ ಅಕ್ಕಪಕ್ಕದಿಂದಲೂ ರಾಸಾಯನಿಕ ಸೂಚನೆ ಹೋಗುತ್ತದೆ. ಚರ್ಮವಾಗಬೇಕಿದ್ದ ಜೀವಕೋಶಗಳು ನರಕೋಶದ ದಾರಿ ಹಿಡಿಯುತ್ತವೆ. ಭ್ರೂಣದ ಒಂದು ಭಾಗ ಪಕ್ಕದ ಭಾಗಕ್ಕೆ ಹೀಗೆ 'ನೀನು ಇದಾಗು' ಎಂದು ಹೇಳಬಲ್ಲದು ಎಂಬುದನ್ನು ಸ್ಪಷ್ಟವಾಗಿ ತೋರಿಸಿದವರು ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಹಿಲ್ಡೆ ಮಾಂಗೋಲ್ಡ್. 1924ರಲ್ಲಿ ಅವರ ಪ್ರಯೋಗ ಪ್ರಕಟವಾಯಿತು. ನ್ಯೂಟ್ ಎಂಬ ಹಲ್ಲಿಯಂಥ ಉಭಯವಾಸಿಯ ಭ್ರೂಣದ ಒಂದು ಚೂರನ್ನು ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿದರು. ಅಲ್ಲಿ ಎರಡನೇ ನರಕೊಳವೆಯೇ ಬೆಳೆಯಿತು. ಸ್ಪೆಮಾನ್‌ಗೆ 1935ರಲ್ಲಿ ನೊಬೆಲ್ ಬಂತು. ಪ್ರಯೋಗವನ್ನು ಕೈಯಾರೆ ಮಾಡಿದ ಹಿಲ್ಡೆ 1924ರಲ್ಲೇ ತೀರಿಕೊಂಡಿದ್ದರು.

ಮುಂದಿನದನ್ನು ಕೈಯಲ್ಲೇ ತೋರಿಸಬಹುದು. ಎರಡೂ ಅಂಗೈಗಳನ್ನು ಪಕ್ಕಪಕ್ಕ ಚಪ್ಪಟೆಯಾಗಿ ಹಿಡಿಯಿರಿ. ಅದು ನರತಟ್ಟೆ. ಈಗ ಬೊಗಸೆ ಮಾಡಿ. ನಡುವೆ ತಗ್ಗು, ಅಂಚುಗಳು ಎದ್ದಿವೆ. ಈಗ ಬೊಗಸೆಯ ಅಂಚುಗಳನ್ನು ಮೇಲೆ ಕೂಡಿಸಿ. ಒಳಗೊಂದು ಪೊಳ್ಳು ಉಳಿಯಿತು. ಅದೇ ನರಕೊಳವೆ. ಭ್ರೂಣದಲ್ಲಿ ಈ ಬೊಗಸೆ ಮಡಚಿಕೊಳ್ಳುವುದು ಜೀವಕೋಶಗಳ ಆಕಾರ ಬದಲಾಗುವುದರಿಂದ. ನಡುವಿನ ಕೋಶಗಳ ತಲೆ ಕಿರಿದಾಗಿ ಬುಡ ಅಗಲವಾಗುತ್ತದೆ, ಬೆಣೆಯ ಹಾಗೆ. ಬೆಣೆಗಳು ಸಾಲಾಗಿ ನಿಂತರೆ ಹಾಳೆ ತಾನಾಗಿ ಬಾಗಲೇಬೇಕು.

ಅಂಚುಗಳು ಮೊದಲು ಕೂಡುವುದು 22ನೇ ದಿನದ ಸುಮಾರಿಗೆ, ಮುಂದೆ ಕತ್ತು ಆಗುವ ಜಾಗದಲ್ಲಿ. ಅಲ್ಲಿಂದ ಜಿಪ್ ಎಳೆದಂತೆ ಮೇಲಕ್ಕೂ ಕೆಳಕ್ಕೂ ಮುಚ್ಚುತ್ತಾ ಹೋಗುತ್ತದೆ. ತಲೆಯ ಕಡೆಯ ಬಾಯಿ 25ನೇ ದಿನದ ಹೊತ್ತಿಗೆ ಮುಚ್ಚುತ್ತದೆ. ಸೊಂಟದ ಕಡೆಯದು 27, 28ನೇ ದಿನಕ್ಕೆ. ಆಗ ಭ್ರೂಣದ ಉದ್ದ ನಾಲ್ಕೈದು ಮಿಲಿಮೀಟರ್. ತಲೆಯ ಕಡೆ ಮುಚ್ಚದೇ ಹೋದರೆ ಮೆದುಳು, ತಲೆಬುರುಡೆ ಬೆಳೆಯುವುದಿಲ್ಲ, ಅದು ಅನೆನ್‌ಸೆಫಲಿ. ಕೆಳಗೆ ಮುಚ್ಚದಿದ್ದರೆ ಬೆನ್ನುಹುರಿ ತೆರೆದೇ ಉಳಿಯುತ್ತದೆ, ಅದು ಸ್ಪೈನಾ ಬೈಫಿಡಾ.

ಹಾಳೆಯ ಮೇಲೆ ಆ ತಾಯಿಯ ದಿನಗಳನ್ನು ಗುರುತು ಮಾಡಿದೆವು. ಮುಟ್ಟು ತಪ್ಪಿದ ದಿನ ಭ್ರೂಣಕ್ಕೆ 14 ದಿನ. ಮನೆಯಲ್ಲಿ ಪರೀಕ್ಷೆ ಮಾಡಿದಾಗ 24. ನಮ್ಮ ಎದುರು ಕೂತ ದಿನ 36. ಕೊಳವೆ ಮುಚ್ಚುವ ಕೆಲಸ ಎಂಟು ದಿನದ ಹಿಂದೆಯೇ ಮುಗಿದಿತ್ತು. ಸರಿಯಾಗಿ ಮುಚ್ಚಿತ್ತೋ ಇಲ್ಲವೋ, ಅದನ್ನು ಇನ್ನು ಬದಲಿಸಲು ಆಗದು.

ತಾಯಿ ಹಾಳೆಯನ್ನೇ ನೋಡುತ್ತಾ ಕೂತರು. 24ರ ಮೇಲೆ ಬೆರಳಿಟ್ಟು, "ಅವತ್ತೇ ಬಂದಿದ್ರೆ?" ಎಂದರು. ಆಗಲೂ ತಡವೇ ಎಂದು ಹೇಳಬೇಕಾಯಿತು. ಗರ್ಭ ನಿಂತಿದೆ ಎಂದು ಗೊತ್ತಾಗುವ ಹೊತ್ತಿಗೆ ಕೊಳವೆಯ ಬಹುಪಾಲು ಮುಚ್ಚಿರುತ್ತದೆ. ಅದು ಅವರ ತಪ್ಪಲ್ಲ. ಇದನ್ನು ಸಮಾಧಾನಕ್ಕೆಂದು ಹೇಳಲಿಲ್ಲ. ಆ ಗೆರೆಯೇ ಹಾಗಿದೆ.

ಸಮಸ್ಯೆ ಮತ್ತು ಮೊದಲ ನಿರ್ಧಾರ

ವ್ಯಾಲ್ಪ್ರೋಯೇಟ್ ಫಿಟ್ಸ್ ಮಾತ್ರೆಯಾಗಿ ಬಳಕೆಗೆ ಬಂದದ್ದು 1960ರ ದಶಕದ ಕೊನೆಯಲ್ಲಿ, ಫ್ರಾನ್ಸಿನಲ್ಲಿ. ಗರ್ಭದಲ್ಲಿ ಈ ಮಾತ್ರೆಗೂ ಸ್ಪೈನಾ ಬೈಫಿಡಾಕ್ಕೂ ನಂಟಿದೆ ಎಂಬ ಎಚ್ಚರಿಕೆ 1982ರಲ್ಲಿ ಅಲ್ಲಿನ ಲಿಯಾನ್ ನಗರದಿಂದ ಬಂತು. ಸಾಮಾನ್ಯವಾಗಿ ಸಾವಿರ ಗರ್ಭಗಳಲ್ಲಿ ಒಂದರ ಆಸುಪಾಸು ಇರುವ ಅಪಾಯ, ಈ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಒಂದೆರಡು. ಅಂದರೆ ನೂರಕ್ಕೆ 98 ಮಕ್ಕಳಿಗೆ ಬೆನ್ನು ಸರಿಯಾಗಿಯೇ ಮುಚ್ಚಿರುತ್ತದೆ. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಹೇಳುವುದು ನಮ್ಮ ಪದ್ಧತಿ. ಒಂದನ್ನೇ ಹೇಳಿದರೆ ಹೆದರಿಸಿದಂತಾಗುತ್ತದೆ, ಇಲ್ಲವೇ ಮರೆಮಾಚಿದಂತಾಗುತ್ತದೆ.

ಕೊಳವೆ ಮುಚ್ಚಿಯಾಗಿದೆ ಎಂದ ಮೇಲೆ ಮಾತ್ರೆ ಹಾಗೇ ಮುಂದುವರಿಸಬಹುದಲ್ಲ? ನಮ್ಮ ತಂಡದಲ್ಲೇ ಒಬ್ಬರು ಹೀಗೆ ಕೇಳಿದರು. ಕೊಳವೆ ಮುಚ್ಚಿತು ಎಂದರೆ ನರಮಂಡಲದ ಕೆಲಸ ಮುಗಿಯಿತು ಎಂದಲ್ಲ. ನಿಜವಾದ ಕಟ್ಟಡದ ಕೆಲಸ ಶುರುವಾಗುವುದೇ ಆಗ. ಕೊಳವೆಯ ಮೇಲ್ತುದಿ ಉಬ್ಬಿ ಮೂರು ಚೀಲವಾಗುತ್ತದೆ, ಐದನೇ ವಾರದಲ್ಲಿ ಐದಾಗುತ್ತದೆ. ದೊಡ್ಡ ಮೆದುಳು, ಕಿರುಮೆದುಳು, ಮೆದುಳುಕಾಂಡ ಎಲ್ಲಕ್ಕೂ ಅವೇ ಮೂಲ. ಒಳಗೋಡೆಯಲ್ಲಿ ಹುಟ್ಟಿದ ನರಕೋಶಗಳು ಉದ್ದನೆಯ ಎಳೆಗಳನ್ನು ಹಿಡಿದು ಹೊರಗಿನ ಪದರಕ್ಕೆ ಹತ್ತುತ್ತವೆ. ಮೊದಲು ಬಂದವು ಕೆಳಗೆ ನಿಲ್ಲುತ್ತವೆ. ಆಮೇಲೆ ಬಂದವು ಅವನ್ನು ದಾಟಿ ಮೇಲೆ ಹೋಗುತ್ತವೆ. ತಿಂಗಳುಗಟ್ಟಲೆ ನಡೆಯುವ ಕೆಲಸ ಇದು. ವ್ಯಾಲ್ಪ್ರೋಯೇಟ್ ಈ ಹಂತದಲ್ಲೂ ತೊಂದರೆ ಮಾಡಬಲ್ಲದು. ಅದು ಮುಟ್ಟಿದ ಮಕ್ಕಳಲ್ಲಿ ಕಲಿಕೆ, ಮಾತು, ಗಮನದ ತೊಂದರೆಗಳು ಜಾಸ್ತಿ. ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಬೆಳವಣಿಗೆಯ ಒಂದಲ್ಲ ಒಂದು ತೊಡಕು ಕಾಣುತ್ತದೆ.

ಇನ್ನೊಂದು ಕಡೆ, ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಅವರ ಒಡೆದ ತುಟಿಯಲ್ಲೇ ಕಾಣುತ್ತಿತ್ತು. ಇನ್ನೊಂದು ದೊಡ್ಡ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಜೀವಕ್ಕೇ ಅಪಾಯ.

ನರರೋಗ ತಜ್ಞರ ಜೊತೆ ಅದೇ ದಿನ ಕೂತು ಮಾತಾಡಿದೆವು. ಲೆವೆಟಿರಾಸೆಟಮ್ ಎಂಬ ಬೇರೆ ಫಿಟ್ಸ್ ಮಾತ್ರೆ ಮೊದಲು ಸೇರಿಸುವುದು, ಅದು ಹಿಡಿತಕ್ಕೆ ಬಂದ ಮೇಲೆ ವ್ಯಾಲ್ಪ್ರೋಯೇಟ್ ಅನ್ನು ವಾರಗಳ ಮೇಲೆ ಇಳಿಸುತ್ತಾ ಹೋಗುವುದು ಎಂದು ತೀರ್ಮಾನವಾಯಿತು. ಐದು ವಾರದಲ್ಲಿ ಪೂರ್ತಿ ನಿಂತಿತು. ನಡುವೆ ಎರಡು ಬೆಳಗ್ಗೆ ಕೈ ಜಗ್ಗಿದ್ದು ಬಿಟ್ಟರೆ ಫಿಟ್ಸ್ ಬರಲಿಲ್ಲ. ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ವಿಟಮಿನ್ ಫೋಲಿಕ್ ಆಸಿಡ್ ಅನ್ನು ತಾಯಿ ಆಗಲೇ ಶುರು ಮಾಡಿದ್ದರು, ಮುಂದುವರಿಸಲು ಹೇಳಿದೆವು. ಆದರೆ ಕೊಳವೆಯ ಮಟ್ಟಿಗೆ ಅದು ಈಗ ಕೆಲಸ ಮಾಡದು ಎಂದೂ ಬಿಡಿಸಿ ಹೇಳಿದೆವು.

'ಕಾಣಿಸಲಿಲ್ಲ' ಎಂದು ಬರೆದದ್ದು

ಹನ್ನೆರಡು ವಾರ ನಾಲ್ಕು ದಿನಕ್ಕೆ ಸ್ಕ್ಯಾನ್. ತಲೆಬುರುಡೆ ದುಂಡಗೆ, ಪೂರ್ತಿ ಇತ್ತು. ಅನೆನ್‌ಸೆಫಲಿ ಅಲ್ಲ ಎಂದು ಖಚಿತವಾಯಿತು. ಆದರೆ ಮಗು ಬೆನ್ನು ಕೆಳಗೆ ಹಾಕಿ ಮಲಗಿತ್ತು. ಕೆಳಬೆನ್ನು ಸಿಗಲಿಲ್ಲ. ಮೆದುಳಿನ ಹಿಂಭಾಗವೂ ಸ್ಪಷ್ಟವಿರಲಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ. ಇಂಥ ಹೊತ್ತಿನಲ್ಲಿ ವರದಿಯಲ್ಲಿ 'ಸರಿಯಿದೆ' ಎಂದು ಬರೆದು ಬಿಡುವುದು ಸುಲಭ, 20 ವಾರಕ್ಕೆ ಹೇಗೂ ನೋಡುತ್ತೇವಲ್ಲ ಎಂದು. ಸ್ಕ್ಯಾನ್ ಮಾಡಿದ ಸಹೋದ್ಯೋಗಿ ಹಾಗೆ ಬರೆಯಲಿಲ್ಲ. 'ಬೆನ್ನಿನ ಕೆಳಭಾಗ ಕಾಣಿಸಲಿಲ್ಲ, 16 ವಾರಕ್ಕೆ ಮತ್ತೆ ನೋಡಬೇಕು' ಎಂದು ಬರೆದರು. ಆ ಒಂದು ಸಾಲು ಈ ದಂಪತಿಗೆ ಯೋಚಿಸಲು ನಾಲ್ಕು ವಾರ ಹೆಚ್ಚು ಕೊಟ್ಟಿತು.

16 ವಾರಕ್ಕೆ ತಾಯಿಯ ರಕ್ತದಲ್ಲಿ ಆಲ್ಫಾ ಫೀಟೊ ಪ್ರೋಟೀನ್ ಜಾಸ್ತಿ ಇತ್ತು. ಇದು ಭ್ರೂಣದ ರಕ್ತದಲ್ಲಿರುವ ಪ್ರೋಟೀನ್. ಬೆನ್ನು ತೆರೆದಿದ್ದರೆ ಗರ್ಭನೀರಿಗೆ ಸೋರಿ, ಅಲ್ಲಿಂದ ತಾಯಿಯ ರಕ್ತಕ್ಕೂ ಬರುತ್ತದೆ. ಸ್ಕ್ಯಾನ್ ಪರದೆಯಲ್ಲಿ ಮೊದಲು ಕಂಡದ್ದು ಬೆನ್ನಲ್ಲ, ತಲೆ. ಹಣೆಯ ಎರಡೂ ಬದಿ ಒಳಕ್ಕೆ ಬಾಗಿ ತಲೆ ನಿಂಬೆಹಣ್ಣಿನ ಆಕಾರದಲ್ಲಿತ್ತು. ಡಂಬೆಲ್‌ನಂತೆ ಇರಬೇಕಾದ ಕಿರುಮೆದುಳು ಬಾಳೆಹಣ್ಣಿನಂತೆ ಬಾಗಿ ಹಿಂದಕ್ಕೆ ಒತ್ತಿಕೊಂಡಿತ್ತು. ಈ ಎರಡು ಗುರುತುಗಳನ್ನು 1986ರಲ್ಲಿ ಲಂಡನ್ನಿನ ನಿಕೊಲೈಡ್ಸ್ ಮತ್ತು ಸಂಗಡಿಗರು ವಿವರಿಸಿದರು. ಸಣ್ಣ ರಂಧ್ರ ಬೆನ್ನಲ್ಲಿ ಕಾಣದೇ ಹೋಗಬಹುದು, ತಲೆ ಅದನ್ನು ಹೇಳಿಬಿಡುತ್ತದೆ.

ಬೆನ್ನಿನ ತೊಂದರೆಗೆ ತಲೆ ಯಾಕೆ ಬದಲಾಗುತ್ತದೆ ಎಂದು ತಂದೆ ಕೇಳಿದರು. ತೆರೆದ ಜಾಗದಿಂದ ಕೊಳವೆಯೊಳಗಿನ ದ್ರವ ಸೋರುತ್ತದೆ. ಒಳಗಿನ ಒತ್ತಡವೇ ಮೆದುಳಿನ ಚೀಲಗಳನ್ನು ಉಬ್ಬಿಸಬೇಕು. ಅದು ಕಡಿಮೆಯಾದರೆ ತಲೆಬುರುಡೆಯ ಹಿಂಭಾಗ ಚಿಕ್ಕದಾಗಿ ಉಳಿಯುತ್ತದೆ, ಕಿರುಮೆದುಳು ಜಾಗವಿಲ್ಲದೆ ಕತ್ತಿನ ಕಡೆಗೆ ಜಾರುತ್ತದೆ. ಇಂದು ಹೆಚ್ಚಿನವರು ಒಪ್ಪಿರುವ ವಿವರಣೆ ಇದು. ಕೆಳಗೆ ಮುಚ್ಚದ ಒಂದೆರಡು ಮಿಲಿಮೀಟರ್ ಜಾಗ ಇಡೀ ಮೆದುಳಿನ ಆಕಾರವನ್ನು ಬದಲಿಸುತ್ತದೆ.

ಬೆನ್ನು ತೆರೆದಿದ್ದದ್ದು ಸೊಂಟದ ಕೊನೆಯ ಮೂಳೆ ಮತ್ತು ತ್ರಿಕಾಸ್ಥಿ ಕೂಡುವಲ್ಲಿ, ಅಂದರೆ ಕೊಳವೆ ಕೊನೆಗೆ ಮುಚ್ಚುವ ಭಾಗದಲ್ಲಿ. ಪರದೆಯಲ್ಲಿ ಮಗು ಕಾಲು ಒದೆಯುತ್ತಿತ್ತು. "ಕಾಲು ಆಡಿಸ್ತಾ ಇದೆಯಲ್ಲ!" ಎಂದು ತಂದೆಯ ಮುಖ ಅರಳಿತು. ಗರ್ಭದಲ್ಲಿ ಕಾಲಾಡಿಸಿದರೆ ಮುಂದೆ ನಡೆಯುತ್ತದೆ ಎಂದು ಭರವಸೆ ಕೊಡಲು ಆಗುವುದಿಲ್ಲ. ಅದನ್ನು ಆ ಕ್ಷಣದಲ್ಲೇ ಹೇಳಬೇಕಾಯಿತು. ನನಗೆ ಈ ಪ್ರಕರಣದಲ್ಲಿ ಅತಿ ಕಷ್ಟವಾದ ಮಾತು ಅದೇ.

ಮೂರು ದಾರಿ

ದಂಪತಿಯ ಮುಂದೆ ಮೂರು ದಾರಿ ಇತ್ತು. ಗರ್ಭಪಾತ ಮಾಡಿಸಿಕೊಳ್ಳುವುದು. ಮುಂದುವರಿಸಿ ಹುಟ್ಟಿದ ಮೇಲೆ ಬೆನ್ನು ಮುಚ್ಚಿಸುವುದು. ಇಲ್ಲವೇ ಗರ್ಭದಲ್ಲಿರುವಾಗಲೇ ಶಸ್ತ್ರಚಿಕಿತ್ಸೆ.

ಮೂರನೆಯದಕ್ಕೆ ಒಳ್ಳೆಯ ಆಧಾರವಿದೆ. ತೆರೆದ ನರಗಳು ಗರ್ಭನೀರಿನಲ್ಲಿ ವಾರಗಟ್ಟಲೆ ತೊಯ್ದು, ತಾಗಿ ಇನ್ನಷ್ಟು ಹಾಳಾಗುತ್ತವೆ. ಬೇಗ ಮುಚ್ಚಿದರೆ ಉಳಿದದ್ದನ್ನು ಕಾಪಾಡಬಹುದು. 2011ರಲ್ಲಿ ಪ್ರಕಟವಾದ ಅಮೆರಿಕದ ಮಾಮ್ಸ್ ಅಧ್ಯಯನದಲ್ಲಿ 26 ವಾರದೊಳಗೆ ಗರ್ಭದಲ್ಲೇ ಮುಚ್ಚಿದವರನ್ನು ಹುಟ್ಟಿದ ಮೇಲೆ ಮುಚ್ಚಿದವರ ಜೊತೆ ಹೋಲಿಸಿದರು. ಒಂದು ವರ್ಷದೊಳಗೆ ತಲೆಯ ನೀರು ಇಳಿಸುವ ಷಂಟ್ ಬೇಕಾದದ್ದು ಶೇ. 40 ಮಕ್ಕಳಿಗೆ, ಇನ್ನೊಂದು ಗುಂಪಿನಲ್ಲಿ ಶೇ. 82. ಎರಡೂವರೆ ವರ್ಷಕ್ಕೆ ಆಸರೆಯಿಲ್ಲದೆ ನಡೆದವರು ಶೇ. 42, ಇನ್ನೊಂದರಲ್ಲಿ ಶೇ. 21. ಬೆಲೆಯೂ ಇದೆ: ದಿನ ತುಂಬುವ ಮೊದಲೇ ಹೆರಿಗೆ, ಗರ್ಭಕೋಶದ ಹೊಲಿಗೆ ಸಡಿಲವಾಗುವುದು.

ನಾವು ಯಾವ ದಾರಿಗೂ ತಳ್ಳಲಿಲ್ಲ. ಎರಡು ಸಲ, ಒಂದು ವಾರದ ಅಂತರದಲ್ಲಿ, ಕೂತು ಮಾತಾಡಿದೆವು. ಮಕ್ಕಳ ನರಶಸ್ತ್ರಚಿಕಿತ್ಸಕರನ್ನೂ ಭೇಟಿ ಮಾಡಿಸಿದೆವು. ಹೊಸ ಮಾತ್ರೆಯಲ್ಲಿ ಫಿಟ್ಸ್ ಹಿಡಿತಕ್ಕೆ ಬಂದು ಕೆಲವೇ ವಾರ ಆಗಿತ್ತು. ಗರ್ಭಕೋಶ ತೆರೆದ ಮೇಲೆ ದೊಡ್ಡ ಫಿಟ್ಸ್ ಬಂದರೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಗರ್ಭ ಮುಂದುವರಿಸಿ ಹುಟ್ಟಿದ ಮೇಲೆ ಮುಚ್ಚಿಸುತ್ತೇವೆ ಎಂದು ದಂಪತಿಯೇ ತೀರ್ಮಾನಿಸಿದರು.

ದಿನ ತುಂಬಿದ ಮೇಲೆ ಸಿಸೇರಿಯನ್. ಹೆಣ್ಣುಮಗು. ಎರಡನೇ ದಿನ ಬೆನ್ನು ಮುಚ್ಚಲಾಯಿತು. ತಲೆಯ ಸುತ್ತಳತೆ ಬೇಗ ಬೇಗ ಹೆಚ್ಚಿದ್ದರಿಂದ ಐದನೇ ವಾರದಲ್ಲಿ ಷಂಟ್ ಹಾಕಿದರು. ಈಗ ಆ ಮಗುವಿಗೆ ನಾಲ್ಕು ವರ್ಷ. ಪಾದಕ್ಕೆ ಪ್ಲಾಸ್ಟಿಕ್ ಆಸರೆ ಕಟ್ಟಿಕೊಂಡು ನಡೆಯುತ್ತಾಳೆ. ಮೂತ್ರಕೋಶದ ನರಗಳು ಇನ್ನೂ ಕೆಳಗಿನಿಂದ ಬರುವುದರಿಂದ ದಿನಕ್ಕೆ ನಾಲ್ಕೈದು ಸಲ ತಾಯಿಯೇ ನಳಿಕೆ ಹಾಕಿ ಮೂತ್ರ ತೆಗೆಯುತ್ತಾರೆ. ಲೇಟೆಕ್ಸ್ ಇಲ್ಲದ ನಳಿಕೆ, ಲೇಟೆಕ್ಸ್ ಇಲ್ಲದ ಕೈಗವಸು, ಏಕೆಂದರೆ ಈ ಮಕ್ಕಳಿಗೆ ಅದರ ಅಲರ್ಜಿ ಬೇಗ ಅಂಟಿಕೊಳ್ಳುತ್ತದೆ. ಮಾತು ಚುರುಕು. ನಮ್ಮ ಕೊಠಡಿಗೆ ಬಂದರೆ ಎಲ್ಲ ಡ್ರಾಯರ್ ಎಳೆದು ನೋಡದೆ ಬಿಡುವುದಿಲ್ಲ.

ಎರಡನೇ ಸಲ

ಮೊದಲ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ಬಂದರು. ಗರ್ಭ ನಿಂತಿರಲಿಲ್ಲ. ನಿಲ್ಲುವ ಮೊದಲೇ ಬಂದಿದ್ದರು.

ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಾಧ್ಯತೆ ಸುಮಾರು ನೂರಕ್ಕೆ ಎರಡರಿಂದ ನಾಲ್ಕು. ಇವರ ವಿಷಯದಲ್ಲಿ ಮಾತ್ರೆಯೇ ಕಾರಣವೋ, ಬೇರೆ ಏನಾದರೂ ಸೇರಿತ್ತೋ, ಹೇಳಲಾಗದು. ಹಾಗಾಗಿ ಎರಡಕ್ಕೂ ತಯಾರಾದೆವು. ವ್ಯಾಲ್ಪ್ರೋಯೇಟ್ ಆಗಲೇ ಹೋಗಿತ್ತು. ಲೆವೆಟಿರಾಸೆಟಮ್‌ನಲ್ಲೇ ಫಿಟ್ಸ್ ಹಿಡಿತದಲ್ಲಿತ್ತು. ಗರ್ಭಕ್ಕೆ ಮೂರು ತಿಂಗಳ ಮೊದಲೇ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಶುರುವಾಯಿತು. ಎಲ್ಲ ಹೆಣ್ಣುಮಕ್ಕಳಿಗೂ ಗರ್ಭದ ಮೊದಲಿನಿಂದ ಬೇಕಾದದ್ದು 0.4 ಮಿಲಿಗ್ರಾಂ. ಹಿಂದೆ ತೊಂದರೆಯಾದವರಿಗೆ ಸುಮಾರು ಹತ್ತು ಪಟ್ಟು ಕೊಡುವುದಕ್ಕೆ ಆಧಾರ 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ (ಎಂಆರ್‌ಸಿ) ಅಧ್ಯಯನ. ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಮರುಕಳಿಕೆ ಶೇ. 72 ಕಡಿಮೆಯಾಗಿತ್ತು. ಫಲ ಅಷ್ಟು ಸ್ಪಷ್ಟವಿದ್ದುದರಿಂದ ಅಧ್ಯಯನವನ್ನೇ ಮೊದಲೇ ನಿಲ್ಲಿಸಿದರು.

16 ವಾರದ ಸ್ಕ್ಯಾನ್‌ಗೆ ಮಲಗಿದ ತಾಯಿ ಮಗುವಿನ ಮುಖ ತೋರಿಸಿ ಎನ್ನಲಿಲ್ಲ. "ಕಿರುಮೆದುಳು ಮೊದಲು ತೋರಿಸಿ" ಎಂದರು. ಡಂಬೆಲ್ ಆಕಾರದಲ್ಲೇ ಇತ್ತು. ಬೆನ್ನು ಮೇಲಿನಿಂದ ಕೆಳತನಕ ಚರ್ಮ ಮುಚ್ಚಿತ್ತು. ಆ ಗಂಡುಮಗು ಈಗ ಅಕ್ಕನ ಹಿಂದೆ ಓಡಾಡುತ್ತಾನೆ.

ನಾವು ಬದಲಿಸಿಕೊಂಡದ್ದು

ಒಂದೇ ಪ್ರಕರಣದಿಂದ ಯಾವ ಮಾತ್ರೆ ಏನು ಮಾಡಿತು ಎಂದು ಸಾಬೀತಾಗುವುದಿಲ್ಲ. ಎರಡನೇ ಮಗು ಮಾತ್ರೆ ಬದಲಿಸದಿದ್ದರೂ ಆರೋಗ್ಯವಾಗಿಯೇ ಹುಟ್ಟಬಹುದಿತ್ತು. ಆದರೆ ನಿರ್ಧಾರ ಯಾವಾಗ ಆಗಬೇಕಿತ್ತು ಎಂಬುದು ಇದರಿಂದ ಚೆನ್ನಾಗಿ ಕಾಣುತ್ತದೆ. ಏಳನೇ ವಾರದಲ್ಲಿ ಎಷ್ಟು ಯೋಚಿಸಿ ಏನೇ ಮಾಡಿದರೂ ಕೊಳವೆಗೆ ಅದು ಮುಟ್ಟುತ್ತಿರಲಿಲ್ಲ. ಮುಟ್ಟುವಂಥ ನಿರ್ಧಾರ ಇದ್ದದ್ದು ಒಂಬತ್ತು ವರ್ಷ ಹಿಂದೆ, ಮೊದಲ ಚೀಟಿ ಬರೆದ ದಿನ. ಅದಾದ ಮೇಲೆ ಚೀಟಿ ಮತ್ತೆ ಬರೆದ ಪ್ರತಿ ದಿನವೂ ಇತ್ತು. ಯುರೋಪಿನಲ್ಲಿ 2018ರಿಂದ ಈ ನಿಯಮವೇ ಇದೆ: ಗರ್ಭ ಧರಿಸಬಲ್ಲ ವಯಸ್ಸಿನವರಿಗೆ, ಗರ್ಭ ತಡೆಯುವ ಕಟ್ಟುನಿಟ್ಟಿನ ಏರ್ಪಾಡಿಲ್ಲದೆ ವ್ಯಾಲ್ಪ್ರೋಯೇಟ್ ಕೊಡುವಂತಿಲ್ಲ.

ಫೋಲಿಕ್ ಆಸಿಡ್ ಬಗ್ಗೆ ಒಂದು ತಪ್ಪು ಗ್ರಹಿಕೆ ನಮ್ಮವರಲ್ಲೂ ಇದೆ. 'ವ್ಯಾಲ್ಪ್ರೋಯೇಟ್ ಜೊತೆ ಫೋಲಿಕ್ ಆಸಿಡ್ ಕೊಟ್ಟರಾಯಿತು' ಎಂದು. ಫೋಲೇಟ್ ಬೇಕಾಗುವುದು ಡಿಎನ್‌ಎ ಕಟ್ಟಲು, ಕೋಶಗಳು ಬೇಗ ಬೇಗ ಇಬ್ಭಾಗವಾಗಲು. ವ್ಯಾಲ್ಪ್ರೋಯೇಟ್‌ಗೆ ಬೇರೆ ದಾರಿಯೂ ಇದೆ. ಯಾವ ಜೀನ್ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನಿಯಂತ್ರಿಸುವ ಕಿಣ್ವಗಳನ್ನು ಅದು ತಡೆಯುತ್ತದೆ. ಒಂದನ್ನು ಕೊಟ್ಟು ಇನ್ನೊಂದರ ಅಪಾಯ ಅಳಿಸಿಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಫೋಲಿಕ್ ಆಸಿಡ್ ಕೊಡಲೇಬೇಕು. ಮಾತ್ರೆ ಬದಲಿಸುವ ಮಾತನ್ನು ಅದರ ನೆಪದಲ್ಲಿ ಬಿಡಬಾರದು.

ಆ ಗೆರೆಯ ಹಾಳೆಯ ಪ್ರತಿ ಈಗ ನಮ್ಮಲ್ಲೂ ನರರೋಗ ವಿಭಾಗದಲ್ಲೂ ಇದೆ. 14, 22, 25, 28 ಎಂಬ ನಾಲ್ಕೇ ಸಂಖ್ಯೆ. ಫಿಟ್ಸ್‌ಗೆ ಮೊದಲ ಸಲ ಮಾತ್ರೆ ಬರೆಯುವಾಗ ಹುಡುಗಿಯ ಮುಂದೆ ಅದನ್ನಿಟ್ಟು, ಮದುವೆ, ಮಗು ಯಾವುದರ ಮಾತೂ ಇಲ್ಲದಾಗಲೇ ವಿವರಿಸುತ್ತಾರೆ. ಪ್ರತಿ ವರ್ಷ ಚೀಟಿ ಹೊಸದು ಮಾಡುವಾಗ ಮತ್ತೆ ತೆಗೆಯುತ್ತಾರೆ. ತಾನಾಗಿ ಮಾತ್ರೆ ನಿಲ್ಲಿಸಬಾರದು, ಆದರೆ ಅನುಮಾನ ಬಂದ ದಿನವೇ ಫೋನ್ ಮಾಡಬೇಕು ಎಂದು ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದೆ. ಆ ಸಾಲನ್ನು ಸೇರಿಸಲು ಹೇಳಿದವರು ಆ ತಾಯಿಯೇ.